ಕೊನೆಯ ಗಂಟೆಗೂ ಗೇಟಿಗೂ ನಡುವೆ: ಬೆಳಗಾವಿಯಿಂದ ಕಣಕುಂಬಿಯವರೆಗೆ ಶಾಲೆ ಬಿಡುವ ಹೊತ್ತಿನ ಲೆಕ್ಕ

ಶಾಲೆಯ ಕೊನೆಯ ಗಂಟೆ ಬಾರಿಸುವ ಹೊತ್ತಿಗೂ ಮಗು ಪಾಲಕರ ಕೈಸೇರುವ ಹೊತ್ತಿಗೂ ನಡುವಿನ ಅಂತರ ಯಾವ ವೇಳಾಪಟ್ಟಿಯಲ್ಲೂ ನಮೂದಾಗಿರುವುದಿಲ್ಲ. ಶಾಲೆಯ ದಿನಚರಿಯಲ್ಲಿ ತರಗತಿ ಮುಗಿಯುವ ಸಮಯವಿರುತ್ತದೆ, ಈಜು, ಸಂಗೀತ, ಸ್ಕೇಟಿಂಗ್, ಕರಾಟೆ ಅಥವಾ ಟ್ಯೂಷನ್ನಿನ ಫಲಕದಲ್ಲಿ ಅದು ಆರಂಭವಾಗುವ ಸಮಯವಿರುತ್ತದೆ. ಪಾಲಕರು ಎರಡನೆಯದರಿಂದ ಮೊದಲನೆಯದನ್ನು ಕಳೆದು, ಉಳಿದದ್ದೆಲ್ಲ ಪ್ರಯಾಣಕ್ಕೆ ಸಿಗುವ ಸಮಯವೆಂದು ನಂಬುತ್ತಾರೆ, ಆ ನಂಬಿಕೆ ವಾರದಲ್ಲಿ ನಾಲ್ಕು ದಿನ ಸುಳ್ಳಾಗುತ್ತದೆ. ಗಂಟೆಗೂ ಗೇಟಿಗೂ ನಡುವಿನ ಈ ಲೆಕ್ಕಕ್ಕೆ ಸಿಗದ ಹೊತ್ತನ್ನು ಇಲ್ಲಿ ‘ಬಿಡುಗಡೆಯ ವಿಳಂಬ’ ಎಂದು ಕರೆಯಲಾಗಿದೆ. ಶಿಕ್ಷಕರ ಉದಾಸೀನ, ಪೊಲೀಸರ ಗೈರುಹಾಜರಿ, ರಿಕ್ಷಾದವರ ಅವಸರ ಎಂದು ಪಾಲಕರು ಇದಕ್ಕೆ ಬೇರೆ ಬೇರೆ ಹೊಣೆಗಾರರನ್ನು ಹುಡುಕುವುದುಂಟು; ಆದರೆ ವಿಳಂಬದ ಬಹುಪಾಲು ಯಾರೊಬ್ಬರ ತಪ್ಪಿನಿಂದಲೂ ಹುಟ್ಟುವುದಿಲ್ಲ, ಒಂದಕ್ಕೊಂದು ಸಂಬಂಧವಿಲ್ಲದೆ ಓಡುವ ಮೂರು ಗಡಿಯಾರಗಳಿಂದ, ಅಂದರೆ ಶಾಲೆಯ, ವಾಹನದ ಮತ್ತು ಸಂಜೆಯ ಚಟುವಟಿಕೆಯ ಗಡಿಯಾರಗಳಿಂದ ಹುಟ್ಟುತ್ತದೆ.

ಬೆಳಗಾವಿ ಜಿಲ್ಲೆಯಲ್ಲಿ ಈ ಸಮಸ್ಯೆಗೆ ಎರಡು ಮುಖಗಳಿವೆ. ಬೆಳಗಾವಿ ನಗರದ ಕ್ಯಾಂಪ್ ಮತ್ತು ತಿಲಕವಾಡಿ ಭಾಗಗಳಲ್ಲಿ ಅದು ವಾಹನದಟ್ಟಣೆಯಾಗಿ ಕಾಣುತ್ತದೆ. ನಗರದಿಂದ ಸುಮಾರು 45 ಕಿ.ಮೀ. ದೂರದಲ್ಲಿ, ಚೋರ್ಲಾ ಘಟ್ಟದ ಮಾರ್ಗವಾಗಿ ಗೋವೆಗೆ ಹೋಗುವ ರಸ್ತೆಯ ಮೇಲೆ, ಮಲಪ್ರಭಾ ನದಿ ಹುಟ್ಟುವ ಕಣಕುಂಬಿಯಲ್ಲಿ ಮತ್ತು ಖಾನಾಪುರ ತಾಲ್ಲೂಕಿನ ಪಶ್ಚಿಮದ ಕಾಡಂಚಿನ ಊರುಗಳಲ್ಲಿ ಅದೇ ಸಮಸ್ಯೆ ಬಸ್ಸಿನ ರೂಪ ತಾಳುತ್ತದೆ. ನಗರದ ಮಗು ಹದಿನೈದು ನಿಮಿಷ ತಡವಾದರೆ ಈಜಿನ ಮೊದಲ ಹದಿನೈದು ನಿಮಿಷ ತಪ್ಪುತ್ತದೆ. ಕಣಕುಂಬಿಯ ಕಡೆಯ ಮಗು ಹದಿನೈದು ನಿಮಿಷ ತಡವಾದರೆ ಊರಿಗೆ ಹೋಗುವ ದಾರಿಯೇ ತಪ್ಪಬಹುದು. ಆದ್ದರಿಂದ ಎರಡಕ್ಕೂ ಒಂದೇ ಮದ್ದು ಹೇಳುವ ಸಲಹೆಗಳಿಂದ ಪ್ರಯೋಜನ ಕಡಿಮೆ.

ವಿಳಂಬ ಎಲ್ಲಿ ಹುಟ್ಟುತ್ತದೆ

ಕೊನೆಯ ಗಂಟೆಯ ನಂತರ ಮಗು ಪುಸ್ತಕ ತುಂಬಿಕೊಂಡು, ಸಾಲಿನಲ್ಲಿ ನಿಂತು, ಮೆಟ್ಟಿಲಿಳಿದು, ಮೈದಾನ ದಾಟಿ ಗೇಟಿಗೆ ಬರಬೇಕು. ಸಣ್ಣ ತರಗತಿಗಳಲ್ಲಿ ಪ್ರತಿ ಮಗುವನ್ನೂ ಗುರುತಿನ ಚೀಟಿ ನೋಡಿಯೇ ಒಪ್ಪಿಸುವುದರಿಂದ ಇನ್ನಷ್ಟು ಹೊತ್ತು ಹಿಡಿಯುತ್ತದೆ. ಸುರಕ್ಷತೆಗಾಗಿ ವ್ಯಯವಾಗುವ ಈ ಭಾಗವನ್ನು ಕಡಿತಗೊಳಿಸಲು ಯಾವ ಪಾಲಕರೂ ಒತ್ತಾಯಿಸಬಾರದು.

ಕಡಿತಕ್ಕೆ ಅವಕಾಶವಿರುವುದು ಮುಂದಿನ ಘಟ್ಟದಲ್ಲಿ, ಗೇಟಿನ ಹೊರಗೆ. ಕೊಡ ಎಷ್ಟೇ ದೊಡ್ಡದಿದ್ದರೂ ನೀರು ಅದರ ಬಾಯಿಯ ಅಳತೆಯಲ್ಲೇ ಹೊರಬರುವಂತೆ, ಶಾಲೆಯ ಮಕ್ಕಳೆಲ್ಲ ಒಂದೇ ಗೇಟಿನಿಂದ, ಒಂದೇ ರಸ್ತೆಗೆ, ಒಂದೇ ಗಳಿಗೆಯಲ್ಲಿ ಬರುವಾಗ ವೇಗವನ್ನು ನಿರ್ಧರಿಸುವುದು ಗೇಟಿನೆದುರು ಒಂದು ವಾಹನ ನಿಲ್ಲುವ ಅವಧಿ. ಉದಾಹರಣೆಗೆ, ಗೇಟಿನ ಮುಂದೆ ಒಮ್ಮೆಗೆ ಎರಡೇ ಕಾರುಗಳಿಗೆ ಜಾಗವಿದ್ದು, ಮಗುವನ್ನು ಹತ್ತಿಸಿಕೊಂಡು ಹೊರಡಲು ಪ್ರತಿ ಕಾರಿಗೆ 30 ಸೆಕೆಂಡು ಹಿಡಿದರೆ, 80 ಕಾರುಗಳ ಸಾಲು ಕರಗಲು 20 ನಿಮಿಷ ಬೇಕು. ಪಾಲಕರು ಇಳಿದು, ಚೀಲವನ್ನು ಡಿಕ್ಕಿಗೆ ಹಾಕಿ, ತರಗತಿ ಶಿಕ್ಷಕಿಯೊಡನೆ ಎರಡು ಮಾತಾಡಿ ಹೊರಟರೆ ಅದೇ ಸಾಲಿಗೆ 40 ನಿಮಿಷವೂ ಸಾಲದು. ಈ ಲೆಕ್ಕದಿಂದ ಹೊರಡುವ ತೀರ್ಮಾನ ಅನೇಕ ಪಾಲಕರಿಗೆ ರುಚಿಸಲಾರದು: ಬಿಡುವ ಸಮಯಕ್ಕೆ ಅರ್ಧ ಗಂಟೆ ಮೊದಲೇ ಬಂದು ಗೇಟಿನೆದುರು ಗಾಡಿ ನಿಲ್ಲಿಸಿಕೊಳ್ಳುವವರೇ ಈ ಸಾಲು ಬೆಳೆಯಲು ಮುಖ್ಯ ಕಾರಣ. ಅವರ ಮಗು ಹೊರಬರುವ ತನಕ ಆ ಜಾಗ ಯಾರಿಗೂ ಒದಗುವುದಿಲ್ಲ, ಅವರ ಹಿಂದಿನ ಸಾಲು ಮುಖ್ಯ ರಸ್ತೆಗೆ ಚಾಚುತ್ತದೆ, ಆ ಸಾಲಿನಲ್ಲಿ ಶಾಲೆಯದೇ ಬಸ್ಸು ಸಿಕ್ಕಿಕೊಳ್ಳುತ್ತದೆ.

ಇದಕ್ಕೆ ಶಾಲೆಗಳು ಬಳಸಬಹುದಾದ ಉಪಾಯ ‘ಹಂತದ ಬಿಡುಗಡೆ’, ಅಂದರೆ ಚಿಕ್ಕ ತರಗತಿಗಳನ್ನು ಮೊದಲು, ದೊಡ್ಡ ತರಗತಿಗಳನ್ನು ಹತ್ತು ಹದಿನೈದು ನಿಮಿಷದ ನಂತರ ಬಿಡುವ ಕ್ರಮ. ಇದರಲ್ಲಿ ಒಂದು ತೊಡಕಿದೆ: ಒಂದೇ ಮನೆಯ ಇಬ್ಬರು ಮಕ್ಕಳು ಬೇರೆ ಬೇರೆ ಹಂತದಲ್ಲಿದ್ದರೆ ಪಾಲಕರು ಎರಡೂ ಹಂತಗಳನ್ನು ಕಾಯುವುದರಿಂದ ಗೇಟಿನೆದುರಿನ ಜನ ಇಳಿಯುವುದಿಲ್ಲ. ಅಂಥ ಮನೆಗಳ ಚಿಕ್ಕ ಮಗುವನ್ನು ದೊಡ್ಡ ಮಗುವಿನ ಹಂತದವರೆಗೆ ಒಳಗೇ ಕೂರಿಸಿಕೊಳ್ಳಲು ಶಾಲೆ ಒಪ್ಪಿದರೆ ಮಾತ್ರ ಈ ಕ್ರಮ ಫಲ ಕೊಡುತ್ತದೆ. ಇಟಲಿಯ ಬೊಲ್ಜಾನೊ ಪಟ್ಟಣದವರು ಬೇರೆ ದಾರಿ ಹಿಡಿದು, ಶಾಲೆ ತೆರೆಯುವ ಮತ್ತು ಬಿಡುವ ಹೊತ್ತಿನಲ್ಲಿ ಶಾಲೆಯ ಮುಂದಿನ ಬೀದಿಯನ್ನು ಕೆಲವು ನಿಮಿಷ ವಾಹನಗಳಿಗೆ ಮುಚ್ಚತೊಡಗಿದರು. 1989ರಲ್ಲಿ ಅಲ್ಲಿ ಆರಂಭವಾದ ಈ ಪದ್ಧತಿ ಈಗ ಲಂಡನ್ ಸೇರಿ ಯುರೋಪಿನ ಅನೇಕ ನಗರಗಳಲ್ಲಿದೆ.

ನಗರದ ಪಾಲಕರು ಮಾಡಬಹುದಾದದ್ದು

ಕ್ಯಾಂಪ್ ಪ್ರದೇಶ ಬ್ರಿಟಿಷರ ಕಾಲದ ದಂಡು ಪ್ರದೇಶವಾದ್ದರಿಂದ ಅಲ್ಲಿನ ಹಳೆಯ ಶಾಲೆಗಳು ಒಂದರ ನೆರೆಗೆ ಒಂದಿವೆ, ಹೀಗಾಗಿ ಒಂದು ಶಾಲೆ ಬಿಡುವ ಹೊತ್ತು ಇನ್ನೊಂದರ ಹೊತ್ತಿನೊಡನೆ ಕೂಡಿಕೊಳ್ಳುತ್ತದೆ. ತಿಲಕವಾಡಿಯಲ್ಲಿ ಇದಕ್ಕೆ ರೈಲಿನ ಪಾಲೂ ಸೇರುತ್ತದೆ. ಲೋಂಡಾ–ಮೀರಜ್ ಮಾರ್ಗ ಬಡಾವಣೆಯನ್ನು ಸೀಳಿಕೊಂಡು ಹೋಗುವುದರಿಂದ ಊರಿನವರು ಮೊದಲನೇ ಗೇಟ್, ಎರಡನೇ ಗೇಟ್ ಎಂದು ಎಣಿಸಿಯೇ ದಾರಿ ಹೇಳುತ್ತಾರೆ, ಮತ್ತು ‘ಗೇಟ್ ಬಿತ್ತು’ ಎಂಬುದು ಇಲ್ಲಿ ತಡವಾದದ್ದಕ್ಕೆ ಎಲ್ಲರೂ ಒಪ್ಪುವ ಕಾರಣ. ಶಾಲೆಯೂ ಸಂಜೆಯ ತರಗತಿಯೂ ಹಳಿಯ ಒಂದೇ ಬದಿಗಿರುವಂತೆ ಆರಿಸಿಕೊಂಡರೆ ಈ ಒಂದು ಅನಿಶ್ಚಿತತೆಯನ್ನಾದರೂ ತಪ್ಪಿಸಬಹುದು. ಹೆಸರುವಾಸಿ ತರಬೇತುದಾರರಿಗಾಗಿ ಹಳಿ ದಾಟುವವರು ಮೇಲ್ಸೇತುವೆಯ ದಾರಿ ಹಿಡಿಯುವುದು ಲೇಸು, ದೂರ ಹೆಚ್ಚಾದರೂ ಸಮಯ ನಿಶ್ಚಿತವಾಗಿರುತ್ತದೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಅಳತೆ. ಒಂದು ವಾರ ಮಗು ನಿಜವಾಗಿ ಗೇಟಿನ ಹೊರಗೆ ಬಂದ ಸಮಯವನ್ನು ಬರೆದಿಟ್ಟು, ಅವುಗಳ ಸರಾಸರಿಯನ್ನಲ್ಲ, ಅತಿ ತಡವಾದ ದಿನದ ಸಮಯವನ್ನು ಆಧಾರವಾಗಿಟ್ಟು ಸಂಜೆಯ ತರಗತಿಯ ಹೊತ್ತನ್ನು ಆರಿಸಬೇಕು. ಸರಾಸರಿಯನ್ನು ನಂಬಿದವರು ಸುಮಾರು ಅರ್ಧದಷ್ಟು ದಿನ ತಡವಾಗಿಯೇ ತಲುಪುತ್ತಾರೆ. ನಾಲ್ಕೂವರೆಯ ತಂಡಕ್ಕೆ ಸೇರಿಸಿ ದಿನವೂ ಧಾವಂತಪಡುವುದಕ್ಕಿಂತ ಐದೂಕಾಲರ ತಂಡಕ್ಕೆ ಸೇರಿಸಿ, ನಡುವಿನ ಹೊತ್ತಿನಲ್ಲಿ ಮಗುವಿಗೆ ಬಾಳೆಹಣ್ಣೋ ಶೇಂಗಾ ಚಿಕ್ಕಿಯೋ ಕೊಟ್ಟು ಸ್ವಲ್ಪ ಸುಮ್ಮನೆ ಕೂರಿಸುವುದು ಮಗುವಿಗೂ ತಾಯಿತಂದೆಗೂ ಹಿತ.

ಎರಡನೆಯ ಉಪಾಯ ಭೇಟಿಯ ಜಾಗವನ್ನು ಗೇಟಿನಿಂದ ದೂರಕ್ಕೆ ಸರಿಸುವುದು. ಹತ್ತು ವರ್ಷ ದಾಟಿದ ಮಕ್ಕಳು, ಮುಖ್ಯ ರಸ್ತೆ ದಾಟುವ ಪ್ರಸಂಗವಿಲ್ಲದಿದ್ದರೆ, ಇನ್ನೂರು ಮುನ್ನೂರು ಮೀಟರು ನಡೆದು ಗೊತ್ತುಪಡಿಸಿದ ಅಂಗಡಿಯ ಅಥವಾ ಮರದ ಬಳಿ ನಿಲ್ಲಬಲ್ಲರು. ಅಷ್ಟು ನಡಿಗೆ ಕಾರಿನ ಸಾಲಿನ ಬಹುಭಾಗವನ್ನು ಉಳಿಸುತ್ತದೆ. ನಾಲ್ಕೈದು ಮನೆಯ ಮಕ್ಕಳು ಒಟ್ಟಾಗಿ, ಒಬ್ಬ ಹಿರಿಯರ ಜೊತೆಯಲ್ಲಿ ನಡೆಯುವ ಕ್ರಮ ಇನ್ನೂ ಒಳ್ಳೆಯದು. ಮನೆಗಳು ಸರದಿಯಂತೆ ಒಬ್ಬೊಬ್ಬರನ್ನು ಕಳಿಸಿದರೆ ಐದು ವಾಹನಗಳ ಕೆಲಸವನ್ನು ಒಬ್ಬರ ನಡಿಗೆ ಮುಗಿಸುತ್ತದೆ. ಇಂಥ ಏರ್ಪಾಡಿನಲ್ಲಿ ಮಗುವನ್ನು ಯಾರು ಕರೆದೊಯ್ಯಬಹುದು ಎಂಬುದನ್ನು ಶಾಲೆಗೆ ಬರವಣಿಗೆಯಲ್ಲಿ, ಭಾವಚಿತ್ರ ಸಹಿತ ಮೊದಲೇ ಕೊಟ್ಟಿರಬೇಕು. ಫೋನಿನಲ್ಲಿ ಹೇಳಿ ಅಪರಿಚಿತರನ್ನು ಕಳಿಸುವ ರೂಢಿ ಅಪಾಯಕರ. ಶಾಲೆ ಒಪ್ಪದಿದ್ದರೆ ಸಿಟ್ಟಾಗುವ ಹಕ್ಕು ಪಾಲಕರಿಗಿಲ್ಲ.

ಬೆಳಗಾವಿಯ ಮಕ್ಕಳು ‘ರಿಕ್ಷಾ ಮಾಮಾ’ ಎಂದು ಕರೆಯುವ ಆಟೋ ಚಾಲಕರ ಮೇಲೆ ಅನೇಕ ಮನೆಗಳ ಸಂಜೆ ನಿಂತಿದೆ. ಒಂದೇ ರಿಕ್ಷಾ ಎರಡು ಮೂರು ಶಾಲೆಗಳ ಮಕ್ಕಳನ್ನು ಕೂಡಿಸಿಕೊಳ್ಳುವುದರಿಂದ, ಅದು ಹೊರಡುವ ಸಮಯವನ್ನು ಕೊನೆಯ ಶಾಲೆಯ ಕೊನೆಯ ಮಗು ನಿರ್ಧರಿಸುತ್ತದೆ; ಒಪ್ಪಂದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಬಾಡಿಗೆ ಎಷ್ಟೆಂಬುದಕ್ಕಿಂತ ಎಷ್ಟು ಶಾಲೆಗಳನ್ನು ಸುತ್ತುತ್ತೀರಿ ಎಂಬುದು. ಶಾಲಾ ಬಸ್ಸುಗಳಿಗೆ ಸಂಬಂಧಿಸಿ ಸುಪ್ರೀಂ ಕೋರ್ಟ್ 1997ರಲ್ಲಿ ಕೊಟ್ಟ ನಿರ್ದೇಶನಗಳು ವೇಗವನ್ನು ಗಂಟೆಗೆ 40 ಕಿ.ಮೀ. ಗೆ ಮಿತಿಗೊಳಿಸುವ ಸಾಧನ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿ ಆರಿಸುವ ಉಪಕರಣ, ಭದ್ರವಾಗಿ ಮುಚ್ಚುವ ಬಾಗಿಲು, ಶಾಲೆಯ ಹೆಸರು ಮತ್ತು ದೂರವಾಣಿ ಸಂಖ್ಯೆ, ಮಕ್ಕಳನ್ನು ನೋಡಿಕೊಳ್ಳುವ ಸಹಾಯಕ ಇವೆಲ್ಲ ಇರಬೇಕೆನ್ನುತ್ತವೆ. ತಡವಾಯಿತೆಂದು ಚಾಲಕರನ್ನು ಅವಸರಪಡಿಸುವ ಪಾಲಕರು ಆ ನಲವತ್ತರ ಮಿತಿಯನ್ನು ಮುರಿಯಲು ಒತ್ತಾಯಿಸುತ್ತಿರುತ್ತಾರೆ.

ಅವಸರದ ಇನ್ನೆರಡು ಅಡ್ಡದಾರಿಗಳು ಕಾನೂನಿಗೆ ವಿರುದ್ಧ. ಮಗುವನ್ನು ಹೆಲ್ಮೆಟ್ ಇಲ್ಲದೆ ದ್ವಿಚಕ್ರ ವಾಹನದಲ್ಲಿ ಕರೆತರುವುದು ಮೊದಲನೆಯದು; ಅದರಲ್ಲಿ ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಹೆಲ್ಮೆಟ್ ಜೊತೆಗೆ ಸವಾರರಿಗೆ ಬಿಗಿದುಕೊಳ್ಳುವ ಸುರಕ್ಷಾ ಪಟ್ಟಿಯೂ ಇರಬೇಕೆಂಬ, ವೇಗ 40 ಕಿ.ಮೀ. ಮೀರಬಾರದೆಂಬ ಕೇಂದ್ರದ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಪಿಯುಸಿ ಓದುವ ಅಣ್ಣನ ಕೈಗೆ ಸ್ಕೂಟರ್ ಕೊಟ್ಟು ತಂಗಿಯನ್ನು ಕರೆತರಲು ಕಳಿಸುವುದು ಎರಡನೆಯ ಅಡ್ಡದಾರಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನ ಪ್ರಕಾರ ಅಪ್ರಾಪ್ತರ ವಾಹನ ಚಾಲನೆಗೆ ಪಾಲಕರನ್ನೇ ಹೊಣೆ ಮಾಡಿ, 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗಿನ ಸೆರೆವಾಸ ವಿಧಿಸಬಹುದು, ವಾಹನದ ನೋಂದಣಿಯನ್ನು ಹನ್ನೆರಡು ತಿಂಗಳು ರದ್ದುಪಡಿಸಬಹುದು.

ಕಣಕುಂಬಿಯ ಕಡೆ: ಬಸ್ಸೇ ಗಡಿಯಾರ

ಪೀರನವಾಡಿ, ಕಿಣಯೆ, ಕುಸಮಳ್ಳಿ ದಾಟಿ ಜಾಂಬೋಟಿಗೆ, ಅಲ್ಲಿಂದ ಕಾಡಿನ ನಡುವೆ ಕಣಕುಂಬಿಗೆ ಹೋಗುವ ರಸ್ತೆಯಲ್ಲಿ ಕಾರಿನ ಸಾಲಿನ ಪ್ರಶ್ನೆಯಿಲ್ಲ. ಕಾಲೇಜಿಗೂ ಊರಿನಲ್ಲಿ ಸಿಗದ ತರಗತಿಗಳಿಗೂ ಜಾಂಬೋಟಿ, ಖಾನಾಪುರ ಅಥವಾ ಬೆಳಗಾವಿಗೆ ಹೋಗುವ ಈ ಭಾಗದ ಮಕ್ಕಳ ದಿನ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸಿಗೆ ಕಟ್ಟಿಬಿದ್ದಿದೆ. ರಾತ್ರಿ ಊರಿನಲ್ಲೇ ತಂಗಿ ಬೆಳಿಗ್ಗೆ ಅಲ್ಲಿಂದಲೇ ಹೊರಡುವ ಬಸ್ಸನ್ನು ‘ವಸ್ತಿ ಬಸ್’ ಎನ್ನುತ್ತಾರೆ. ಒಳಹಳ್ಳಿಯ ಮಗುವಿಗೆ ಅದು ಬೆಳಗಿನ ಶಾಲಾವಾಹನವೂ ಹೌದು, ಸಂಜೆಯ ಕೊನೆಯ ಆಸರೆಯೂ ಹೌದು.

ಇಲ್ಲಿನ ಶಾಲೋತ್ತರ ಚಟುವಟಿಕೆಗಳೂ ಬೇರೆ. ಪ್ರತಿಭಾ ಕಾರಂಜಿಗಾಗಿ ಹಾಡು, ಕೋಲಾಟ, ನಾಟಕಗಳ ತಾಲೀಮು, ತಾಲ್ಲೂಕು ಕ್ರೀಡಾಕೂಟಕ್ಕೆ ಮೊದಲು ಖೋಖೋ, ಕಬಡ್ಡಿಗಳ ಅಭ್ಯಾಸ, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆಯ ವಿಶೇಷ ತರಗತಿ ಇವೇ ಮುಖ್ಯ. ಇವೆಲ್ಲ ಶಾಲೆಯ ಅವಧಿ ಮುಗಿದ ಮೇಲೆ ನಡೆಯುವುದರಿಂದ, ಶಾಲೆ ಇರುವ ಊರಿನ ಮಗು ಆಟಕ್ಕೆ ಉಳಿಯುತ್ತದೆ, ಬಸ್ಸಿನಲ್ಲಿ ಬರುವ ಮಗು ಚೀಲ ಹೆಗಲಿಗೇರಿಸಿ ನಿಲ್ದಾಣಕ್ಕೆ ಓಡುತ್ತದೆ. ತಂಡದ ಆಯ್ಕೆಯಲ್ಲಿ ಕಾಡಂಚಿನ ಮಕ್ಕಳು ಹಿಂದೆ ಬಿದ್ದರೆ ಅದಕ್ಕೆ ಕಾಲಿನ ಕಸುವು ಕಾರಣವಲ್ಲ, ಬಸ್ಸಿನ ವೇಳೆ ಕಾರಣ.

ಕಾಯುವ ಬೇಸರಕ್ಕೆ ಭಯವೂ ಸೇರುತ್ತದೆ. ಈ ಭಾಗದಲ್ಲಿ ನವೆಂಬರ್ ಕೊನೆಯಲ್ಲಿ ಸೂರ್ಯ ಸಂಜೆ 6ರ ಸುಮಾರಿಗೆ ಮುಳುಗುತ್ತಾನೆ, ಮರಗಳ ಅಡಿಯಲ್ಲಿ ಕತ್ತಲು ಅದಕ್ಕೂ ಮೊದಲೇ ಇಳಿಯುತ್ತದೆ. 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿಧಾಮದ ಒಳಗೂ ಸುತ್ತಲೂ ಇರುವ ಊರುಗಳ ಜನರಿಗೆ ಕರಡಿ ಮತ್ತು ಕಾಡುಕೋಣಗಳ ಎದುರಾಗುವಿಕೆ ಅಪರೂಪದ ಸಂಗತಿಯಲ್ಲ. ನಿಲ್ದಾಣದಿಂದ ಊರಿಗೆ ಮಗು ಒಂಟಿಯಾಗಿ ನಡೆಯುವಂತಿಲ್ಲ. ಜಿಲ್ಲೆಯಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಪ್ರದೇಶಗಳಲ್ಲಿ ಕಣಕುಂಬಿ ಸೇರಿರುವುದರಿಂದ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳಗಳು ರಸ್ತೆಗೇರುತ್ತವೆ. ಖಾನಾಪುರ–ಹೆಮ್ಮಡಗಾ ರಸ್ತೆಯ ಹಾಲತ್ರಿ ಹಳ್ಳದ ಸೇತುವೆ ಮಳೆಗಾಲದಲ್ಲಿ ಮುಳುಗುವುದು ತಾಲ್ಲೂಕಿನವರೆಲ್ಲ ಬಲ್ಲ ಸಂಗತಿ. ಹೀಗಾಗಿ ಈ ಭಾಗದಲ್ಲಿ ಸಂಜೆಯ ಚಟುವಟಿಕೆಗೆ ಒಂದೇ ನಿಯಮ ಸಾಕು: ಮಗು ಮನೆ ಸೇರುವ ಹೊತ್ತನ್ನು ಮೊದಲು ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ, ಚಟುವಟಿಕೆಗೆ ಎಷ್ಟು ನಿಮಿಷ ಉಳಿಯುತ್ತದೆಯೋ ಅಷ್ಟನ್ನೇ ಅದಕ್ಕೆ ಕೊಡುವುದು.

ಉಳಿಯುವುದು ಸೊನ್ನೆಯಾದರೆ ಚಟುವಟಿಕೆಯನ್ನೇ ಸರಿಸಬೇಕು. ಶನಿವಾರ ಸರ್ಕಾರಿ ಶಾಲೆಗಳು ಬೆಳಗಿನ ಅವಧಿಯಲ್ಲಷ್ಟೇ ನಡೆಯುವುದರಿಂದ ವಾರದ ತಾಲೀಮನ್ನು ಶನಿವಾರ ಮಧ್ಯಾಹ್ನಕ್ಕೆ ಕೂಡಿಸಿದರೆ ಹಗಲಿನಲ್ಲೇ ಮನೆ ಸೇರಬಹುದು. ಆ ಹೊತ್ತಿಗೆ ಬಸ್ಸಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು, ಅಷ್ಟೆ. ಎಸ್ಸೆಸ್ಸೆಲ್ಸಿ ವಿಶೇಷ ತರಗತಿಯನ್ನು ಬೆಳಿಗ್ಗೆ ವಸ್ತಿ ಬಸ್ ಶಾಲೆಯ ಊರನ್ನು ತಲುಪುವ ಹೊತ್ತಿಗೂ ಪ್ರಾರ್ಥನೆಗೂ ನಡುವೆ ನಡೆಸುವುದು ಇನ್ನೊಂದು ದಾರಿ. ಮಕ್ಕಳು ಆ ಹೊತ್ತನ್ನು ಹೇಗೂ ಅಂಗಳದಲ್ಲಿ ಕಾಯುತ್ತಲೇ ಕಳೆಯುತ್ತಾರೆ. ಸಂಜೆ ಬಸ್ಸಿಗೆ ಕಾಯಲೇಬೇಕಾದ ಮಕ್ಕಳಿಗೆ ರಸ್ತೆಬದಿಗಿಂತ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಲೇಸು. ಗ್ರಾಮೀಣಾಭಿವೃದ್ಧಿ ಇಲಾಖೆ 2020ರ ನವೆಂಬರ್‌ನಲ್ಲಿ ಆರಂಭಿಸಿದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ, ಮೇಲ್ವಿಚಾರಕರೂ ಇರುತ್ತಾರೆ. ಅದರ ಬಾಗಿಲು ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರಬೇಕೆಂಬುದನ್ನು ಪಂಚಾಯಿತಿಯ ಮುಂದೆ ಇಡುವುದು ಪಾಲಕರ ಕೆಲಸ.

ಹೆಣ್ಣುಮಕ್ಕಳ ಪಾಲಕರು ಗಮನಿಸಬೇಕಾದ ಒಂದು ಅಂಶವಿದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಗುರುತಿನ ಚೀಟಿ ತೋರಿಸಿದ ಹೆಣ್ಣುಮಕ್ಕಳಿಗೆ ರಾಜ್ಯದೊಳಗಿನ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ, ಆದರೆ ಹೊರರಾಜ್ಯಕ್ಕೆ ಹೋಗುವ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಚೋರ್ಲಾ ಮಾರ್ಗದಲ್ಲಿ ಗೋವೆಯ ಬಸ್ಸುಗಳೂ ಓಡುವುದರಿಂದ, ಊರಿನ ಬಸ್ ತಪ್ಪಿದ ದಿನ ಆ ಬಸ್ಸನ್ನು ಹಿಡಿಯಲು ಬೇಕಾಗುವಷ್ಟು ಹಣ ಮಗುವಿನ ಕಂಪಾಸ್ ಪೆಟ್ಟಿಗೆಯಲ್ಲಿ ಇರಬೇಕು. ಫೋನಿನ ಸಿಗ್ನಲ್ ಎಲ್ಲ ಊರುಗಳಿಗೂ ತಲುಪದಿರುವುದರಿಂದ, ‘ಇಂದು ಅಭ್ಯಾಸ ಇದೆ’ ಎಂಬ ಸುದ್ದಿಯನ್ನು ವಾಟ್ಸಾಪ್‌ಗೆ ಬಿಡದೆ ಹಿಂದಿನ ದಿನವೇ ದಿನಚರಿಯಲ್ಲಿ, ಮನೆಯವರು ಓದುವ ಭಾಷೆಯಲ್ಲಿ, ಕನ್ನಡದಲ್ಲೋ ಮರಾಠಿಯಲ್ಲೋ ಬರೆದು ಕಳಿಸುವಂತೆ ಶಾಲೆಯನ್ನು ಕೋರಬಹುದು.

ಅರ್ಜಿ ಯಾರಿಗೆ, ಹೇಗೆ

ಬಸ್ಸಿನ ವೇಳೆ ಬದಲಾಯಿಸಲು ಪಾಲಕರು ಸಾಮಾನ್ಯವಾಗಿ ‘ಇನ್ನೊಂದು ಬಸ್ ಬಿಡಿ’ ಎಂದು ಕೇಳುತ್ತಾರೆ, ಅದು ಸಾಮಾನ್ಯವಾಗಿ ಸಿಗುವುದಿಲ್ಲ. ಸಾರಿಗೆ ಘಟಕದಲ್ಲಿ ಪ್ರತಿ ಬಸ್ಸಿಗೂ ಅದರ ಚಾಲಕ, ನಿರ್ವಾಹಕರಿಗೂ ದಿನವಿಡೀ ಎಲ್ಲಿಂದ ಎಲ್ಲಿಗೆ, ಯಾವಾಗ ಓಡಬೇಕೆಂಬ ಅನುಸೂಚಿ ಇರುತ್ತದೆ. ಹೊಸ ಬಸ್ ಎಂದರೆ ಹೊಸ ಅನುಸೂಚಿ, ಹೊಸ ಸಿಬ್ಬಂದಿ. ಇರುವ ಬಸ್ಸನ್ನೇ ಅರ್ಧ ಗಂಟೆ ಮುಂದೂಡಿ ಎಂದು ಕೇಳಿದರೆ ಆ ಬಸ್ಸಿನ ಮುಂದಿನ ಓಡಾಟಗಳಷ್ಟೇ ಏರುಪೇರಾಗುತ್ತವೆ. ನಿಲ್ಲದೆ ಹೋಗುವ ಬಸ್ಸಿಗೆ ಶಾಲೆಯೆದುರು ಕೋರಿಕೆ ನಿಲುಗಡೆ ಕೊಡಿ ಎಂದು ಕೇಳಿದರೆ ಅಷ್ಟೂ ಆಗುವುದಿಲ್ಲ. ಆದ್ದರಿಂದ ಅರ್ಜಿಯಲ್ಲಿ ಮೊದಲು ಕೋರಿಕೆ ನಿಲುಗಡೆ, ಅನಂತರ ವೇಳೆಯ ಬದಲಾವಣೆ, ಕೊನೆಗೆ ಹೆಚ್ಚುವರಿ ಓಡಾಟ ಎಂಬ ಕ್ರಮವಿದ್ದರೆ ಒಂದಾದರೂ ಈಡೇರುವ ಸಂಭವ ಹೆಚ್ಚು. ಶಾಲೆ ಬಿಡುವ ವೇಳೆ, ಊರುವಾರು ವಿದ್ಯಾರ್ಥಿಗಳ ಸಂಖ್ಯೆ, ಬೇಕಾದ ವಾರಗಳು ಮತ್ತು ತಿಂಗಳುಗಳು ಅದರಲ್ಲಿರಬೇಕು.

ಅರ್ಜಿಗೆ ತೂಕ ಬರುವುದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಠರಾವಿನಿಂದ. 2009ರ ಶಿಕ್ಷಣ ಹಕ್ಕು ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವಿಧಿಸಿದ ಇಂಥ ಸಮಿತಿಯಲ್ಲಿ ಮುಕ್ಕಾಲು ಭಾಗ ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು ಇರಬೇಕು. ಎಂದರೆ ಸಂಜೆಯ ವೇಳೆಯನ್ನು ಕುರಿತು ಠರಾವು ಮಾಡಲು ಬೇಕಾದ ಬಹುಮತ ಪಾಲಕರ ಕೈಯಲ್ಲೇ ಇದೆ. ಅದೇ ಕಾಯ್ದೆಯಡಿ ಕೇಂದ್ರದ 2010ರ ನಿಯಮಗಳು ಐದನೇ ತರಗತಿಯವರೆಗೆ ನಡೆದು ಹೋಗುವ 1 ಕಿ.ಮೀ. ಒಳಗೆ, ಆರರಿಂದ ಎಂಟನೇ ತರಗತಿಗೆ 3 ಕಿ.ಮೀ. ಒಳಗೆ ಶಾಲೆ ಇರಬೇಕೆನ್ನುತ್ತವೆ. ಇಲ್ಲದ ಚಿಕ್ಕ ವಸತಿಗಳ ಮಕ್ಕಳಿಗೆ ಉಚಿತ ಸಾರಿಗೆ ಅಥವಾ ವಸತಿಯಂಥ ಏರ್ಪಾಡು ಮಾಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತವೆ. ಇದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆಯುವ ಪತ್ರದಲ್ಲಿ ಉಲ್ಲೇಖಿಸಬೇಕು. ನಗರದ ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ಸಮಿತಿಯ ವಿಧಿ ಅನ್ವಯಿಸದ ಕಾರಣ ಅಲ್ಲಿನ ಪಾಲಕರು ಹಂತದ ಬಿಡುಗಡೆಯ ಬೇಡಿಕೆಯನ್ನು ಪಾಲಕರ ಸಭೆಯ ಮೂಲಕ ಶಾಲೆಗೂ, ರಸ್ತೆಬದಿಯ ನಿಲುಗಡೆಯ ದೂರನ್ನು ಸಂಚಾರ ಪೊಲೀಸರಿಗೂ ಬೇರೆ ಬೇರೆಯಾಗಿ ಕೊಡಬೇಕಾಗುತ್ತದೆ.

ಠರಾವಿನ ಪ್ರತಿಯೊಂದಿಗೆ ಅರ್ಜಿಯನ್ನು ಖಾನಾಪುರ ಘಟಕದ ವ್ಯವಸ್ಥಾಪಕರಿಗೆ, ಅದರ ಪ್ರತಿಯನ್ನು ಬೆಳಗಾವಿಯ ವಿಭಾಗೀಯ ನಿಯಂತ್ರಣಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಶಾಲೆಗಳು ಮೇ ಕೊನೆಯಲ್ಲಿ ತೆರೆಯುತ್ತವೆ. ಜುಲೈ ಮಳೆಯಲ್ಲಿ ಕೊಟ್ಟ ಅರ್ಜಿ ಆ ವರ್ಷಕ್ಕೆ ಒದಗುವುದು ಕಷ್ಟ, ಆದ್ದರಿಂದ ಏಪ್ರಿಲ್‌ನಲ್ಲಿ ಬೇಸಿಗೆ ರಜೆಗೆ ಮುನ್ನ ಸೇರುವ ಸಮಿತಿಯ ಸಭೆಯಲ್ಲೇ ಠರಾವು ಬರೆಸಿಕೊಳ್ಳಿ.